ಬಿಗಿ ಹಿಡಿಯದೆ ಬಿಟ್ಟವರು: ಗುಸ್ತಾಫ್ ಡಿ ಲಾವಲ್

ಕೆಸರು, ಗುಡ್ಡ, ಕಲ್ಲುಬಂಡೆ ಹತ್ತೋ ದೊಡ್ಡ ಆಫ್-ರೋಡ್ ಟ್ರಕ್ಕುಗಳ ಟೈರ್ ನೋಡಿದ್ದೀರಲ್ಲ? ಪಕ್ಕದಲ್ಲಿ ನಿಂತರೆ ನಮ್ಮ ಸೊಂಟದವರೆಗೂ ಬರುತ್ತವೆ. ಕಾರಿನ ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಅವನ್ನು ಹಾಕೋದೇ ಕಷ್ಟ. ಹೇಗೋ ಹಾಕಿ, ರಿಮ್ಮಿಗೆ ತೂಕದ ತುಂಡು ಬಡಿದು ಕೂರಿಸಿದರೂ ಬಂಡೆಗೆ ಒಂದು ಸಲ ಉಜ್ಜಿದರೆ ಸಾಕು, ಕಿತ್ತುಹೋಗುತ್ತೆ. ಅದಕ್ಕೇ ಅಂಥ ಗಾಡಿ ಓಡಿಸೋರಲ್ಲಿ ಒಂದು ಉಪಾಯ ಚಾಲ್ತಿಯಲ್ಲಿದೆ. ಟೈರಿನ ಒಳಗೆ ಗಾಜಿನ ಅಥವಾ ಸೆರಾಮಿಕ್ ಮಣಿಗಳನ್ನೋ, ಆಟಿಕೆ ಬಂದೂಕಿನ ಪ್ಲಾಸ್ಟಿಕ್ ಗುಂಡುಗಳನ್ನೋ ಒಂದಷ್ಟು ಸುರಿದು ಗಾಳಿ ತುಂಬಿಬಿಡೋದು. ಅಂಟಿಸೋದಿಲ್ಲ, ಕಟ್ಟೋದೂ ಇಲ್ಲ. ಗಾಡಿ ಓಡುವಾಗ ಮಣಿಗಳೇ ತೂಕ ಕಮ್ಮಿ ಇರೋ ಕಡೆಗೆ ಹೋಗಿ ಕೂತು ಟೈರನ್ನು ಬ್ಯಾಲೆನ್ಸ್ ಮಾಡ್ತವೆ ಅಂತ ಅವರ ನಂಬಿಕೆ.

ಮೊದಲ ಸಲ ಕೇಳಿದಾಗ ನಮಗೆ ನಗು ಬಂತು. ಮಣಿಗೇನು ತಲೆ ಇದೆಯಾ, ಹಗುರ ಕಡೆ ಯಾವುದು ಅಂತ ಹುಡುಕಿಕೊಂಡು ಹೋಗೋಕೆ? ಭಾರ ಇರೋ ಕಡೆಗೇ ಹೋಗಿ ಕೂತು ಇನ್ನಷ್ಟು ಹಾಳು ಮಾಡಿದರೆ? ಕ್ಯಾಂಟೀನಿನಲ್ಲಿ ಶುರುವಾದ ಈ ವಾದ ಲೈಬ್ರರಿಗೆ ಹೋಗಿ, ಕೊನೆಗೆ ನಮ್ಮನ್ನು ಸ್ವೀಡನ್ನಿನ ಒಬ್ಬ ಇಂಜಿನಿಯರ್ ಹತ್ತಿರ ತಂದು ನಿಲ್ಲಿಸಿತು. ಅವರು ಟೈರ್ ಮಾಡಿದವರಲ್ಲ. ಹಾಲಿನ ಕೆನೆ ತೆಗೆಯೋ ಯಂತ್ರ, ಸ್ಟೀಮ್ ಟರ್ಬೈನ್ ಮಾಡಿದವರು. ಹೆಸರು ನಮಗೆಲ್ಲ ಗೊತ್ತು, ಆದರೆ ನಾಝಲ್ಲಿನ ಹೆಸರಾಗಿ ಮಾತ್ರ. ಡಿ ಲಾವಲ್ ನಾಝಲ್ ಚಿತ್ರ ಬರೆದು ಮಾರ್ಕ್ಸ್ ತಗೊಂಡ ನಾವು ಆ ಮನುಷ್ಯನ ಬಗ್ಗೆ ಒಂದು ಸಾಲೂ ಓದಿರಲಿಲ್ಲ.

ಗುಸ್ತಾಫ್ ಡಿ ಲಾವಲ್ ಹುಟ್ಟಿದ್ದು 1845ರ ಮೇ 9ರಂದು, ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ ಓರ್ಸಾದಲ್ಲಿ. ಮನೆತನದ ಹೆಸರು ಫ್ರೆಂಚ್. ಹದಿನೇಳನೇ ಶತಮಾನದಲ್ಲಿ ಸ್ವೀಡನ್ನಿಗೆ ಬಂದು ನೆಲೆಸಿದ ಒಬ್ಬ ಸೈನಿಕನ ವಂಶ ಅವರದು. ಸ್ಟಾಕ್‌ಹೋಮಿನ ತಾಂತ್ರಿಕ ಕಾಲೇಜಿನಲ್ಲಿ 1866ರಲ್ಲಿ ಇಂಜಿನಿಯರಿಂಗ್ ಮುಗಿಸಿದರು. ಆಮೇಲೆ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಹೋಗಿ 1872ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಇಂಜಿನಿಯರಿಂಗ್ ಓದಿ ಕೆಮಿಸ್ಟ್ರಿಗೆ ಹೋದೋರು ಮತ್ತೆ ಮೆಕ್ಯಾನಿಕಲ್‌ಗೆ ವಾಪಸ್ ಬಂದಿದ್ದು ಹಾಲಿನ ದಾರಿಯಲ್ಲಿ.

ಕ್ಲೋಸ್ಟರ್ ಎಂಬ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅವರಿಗೆ ಜರ್ಮನಿಯ ವಿಲ್ಹೆಲ್ಮ್ ಲೆಫೆಲ್ಟ್ ಅವರ ಪ್ರಯೋಗದ ವಿಷಯ ತಿಳಿಯಿತು. ಹಾಲನ್ನು ಜೋರಾಗಿ ತಿರುಗಿಸಿದರೆ ಭಾರದ ಹಾಲು ಹೊರಗೋಡೆಗೆ ಹೋಗುತ್ತೆ, ಹಗುರವಾದ ಕೆನೆ ನಡುವೆ ಉಳಿಯುತ್ತೆ. ತತ್ವ ಸರಿಯಾಗಿತ್ತು. ಆದರೆ ಪ್ರತಿ ಸಲ ಯಂತ್ರ ನಿಲ್ಲಿಸಿ ಕೆನೆ ತೆಗೆಯಬೇಕಿತ್ತು. ಡಿ ಲಾವಲ್ ಇದನ್ನೇ ನಿಲ್ಲದೆ ನಡೆಯೋ ಹಾಗೆ ಮಾಡಿದರು. ಒಂದು ಕಡೆ ಹಾಲು ಸುರಿಯುತ್ತಾ ಇದ್ದರೆ ಇನ್ನೊಂದು ಕಡೆ ಕೆನೆಯೂ ಕೆನೆ ತೆಗೆದ ಹಾಲೂ ಬೇರೆ ಬೇರೆಯಾಗಿ ಹೊರಬರುತ್ತಾ ಇರುತ್ತವೆ. ಇದು 1878ರ ಮಾತು. ಉದ್ಯಮಿ ಆಸ್ಕರ್ ಲಾಮ್ ಜೊತೆ ಸೇರಿ ಮಾರಾಟಕ್ಕಿಳಿದರು, 1883ರಲ್ಲಿ ಅದು ಸೆಪರೇಟರ್ ಎಂಬ ಕಂಪನಿಯಾಯಿತು. ಮುಂದೆ ಜರ್ಮನಿಯ ಕ್ಲೆಮೆನ್ಸ್ ಫಾನ್ ಬೆಖ್ಟಾಲ್ಸ್‌ಹೈಮ್ ಅವರ ಶಂಕುವಿನಾಕಾರದ ತಟ್ಟೆಗಳ ಪೇಟೆಂಟನ್ನೂ ಕಂಪನಿ ಕೊಂಡುಕೊಂಡು, ಆ ತಟ್ಟೆಗಳಿಗೆ ಆಲ್ಫಾ ಅಂತ ಹೆಸರಿಟ್ಟಿತು. ಇವತ್ತಿನ ಆಲ್ಫಾ ಲಾವಲ್ ಎಂಬ ಹೆಸರು ಬಂದಿದ್ದು ಹಾಗೆ. ಹಾಸ್ಟೆಲಿನ ಕಾಫಿಗೆ ಬೀಳೋ ಟೋನ್ಡ್ ಹಾಲಿನ ಹಿಂದೆಯೂ ಇದೇ ತತ್ವದ ಸೆಪರೇಟರ್ ಇದೆ.

ಸೆಪರೇಟರ್ ಕೆಲಸ ಮಾಡಬೇಕಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಆಗಿನ ಸ್ಟೀಮ್ ಇಂಜಿನ್ನುಗಳಿಗೆ ಅಷ್ಟು ವೇಗ ಇರಲಿಲ್ಲ. ಬೆಲ್ಟು, ಪುಲ್ಲಿ ಹಾಕಿ ಹೇಗೋ ಏರಿಸಬೇಕಿತ್ತು. ಹಬೆಯಿಂದಲೇ ನೇರವಾಗಿ ಚಕ್ರ ತಿರುಗಿಸಿದರೆ ಹೇಗೆ ಅಂತ ಡಿ ಲಾವಲ್ ಯೋಚಿಸಿದ್ದು ಇಲ್ಲಿಂದ. ಮೊದಲ ಪ್ರಯತ್ನ 1883ರಲ್ಲಿ. ಆ ದಶಕ ಮುಗಿಯೋ ಹೊತ್ತಿಗೆ ಅವರ ಇಂಪಲ್ಸ್ ಟರ್ಬೈನ್ ತಯಾರಾಗಿತ್ತು. ಮೊದಲು ಕಿರಿದಾಗಿ ಆಮೇಲೆ ಅಗಲವಾಗೋ ಆ ಪ್ರಸಿದ್ಧ ನಾಝಲ್ ಹುಟ್ಟಿದ್ದು ಇದಕ್ಕಾಗಿಯೇ. ಅದರಿಂದ ಹಬೆ ಶಬ್ದಕ್ಕಿಂತ ಎಷ್ಟೋ ಹೆಚ್ಚು ವೇಗದಲ್ಲಿ ನುಗ್ಗುತ್ತೆ. ಅಂಥ ಹಬೆಯ ಶಕ್ತಿಯನ್ನು ಒಂದೇ ಚಕ್ರ ಹಿಡಿಯಬೇಕಾದರೆ ಅದೂ ಹುಚ್ಚು ವೇಗದಲ್ಲಿ ತಿರುಗಬೇಕು. 5 ಅಶ್ವಶಕ್ತಿಯ ಸಣ್ಣ ಟರ್ಬೈನಿನ ವೇಗ ನಿಮಿಷಕ್ಕೆ 30,000 ಸುತ್ತು!

ಕ್ಯಾಲ್ಕುಲೇಟರ್ ತಗೊಳ್ಳಿ. 1 ಕೆ.ಜಿ. ತೂಕದ ಚಕ್ರ, ಅದರ ತೂಕದ ಕೇಂದ್ರ ಅಕ್ಷದಿಂದ ಬರೀ 0.1 ಮಿ.ಮೀ. ಆಚೆ ಇದೆ ಅಂದ್ಕೊಳ್ಳಿ. 30,000 ಆರ್‌ಪಿಎಂನಲ್ಲಿ ಹುಟ್ಟೋ ಬಲ ಸುಮಾರು 987 ನ್ಯೂಟನ್. ಅಂದರೆ ಚಕ್ರದ ತೂಕದ ನೂರು ಪಟ್ಟು. ಅದೂ ಸೆಕೆಂಡಿಗೆ 500 ಸಲ ಸುತ್ತುತ್ತಾ ಬೇರಿಂಗನ್ನು ಬಡಿಯುತ್ತೆ. ಯಾರು ಎಷ್ಟೇ ನಾಜೂಕಾಗಿ ಚಕ್ರ ಕಡೆದರೂ ಅಷ್ಟೋ ಇಷ್ಟೋ ವ್ಯತ್ಯಾಸ ಇದ್ದೇ ಇರುತ್ತೆ.

ನಾವಾಗಿದ್ದರೆ ಏನು ಮಾಡ್ತಿದ್ವಿ? ಶಾಫ್ಟನ್ನು ಇನ್ನೂ ದಪ್ಪ ಮಾಡ್ತಿದ್ವಿ, ಬೇರಿಂಗನ್ನು ಇನ್ನೂ ಬಿಗಿ ಮಾಡ್ತಿದ್ವಿ. ಆ ಕಾಲದ ತಿಳಿವಳಿಕೆಯೂ ಅದೇ. ಥರ್ಮೋಡೈನಾಮಿಕ್ಸಿನಲ್ಲಿ ನಮಗೆ ಪರಿಚಯವಿರೋ ರಾಂಕಿನ್ ಅವರೇ 1869ರಲ್ಲಿ, ಶಾಫ್ಟಿಗೆ ಒಂದು ಮಿತಿಯ ವೇಗ ಇದೆ, ಅದನ್ನು ದಾಟಿ ಓಡಿಸೋಕೆ ಆಗಲ್ಲ ಅನ್ನೋ ತೀರ್ಮಾನಕ್ಕೆ ಬಂದಿದ್ದರು. ಡಿ ಲಾವಲ್ ಅದಕ್ಕೆ ಪೂರ್ತಿ ಉಲ್ಟಾ ಹೋದರು. ಶಾಫ್ಟನ್ನು ಬೇಕಂತಲೇ ತೆಳ್ಳಗೆ, ಬಾಗೋ ಹಾಗೆ ಮಾಡಿದರು. ವೇಗ ಏರುತ್ತಾ ಹೋದಾಗ ಒಂದು ಹಂತದಲ್ಲಿ ಯಂತ್ರ ಭಯಂಕರವಾಗಿ ನಡುಗುತ್ತೆ. ಅಲ್ಲಿ ನಿಲ್ಲದೆ ಬೇಗ ದಾಟಿಬಿಟ್ಟರೆ ನಡುಕ ಇಳಿದು, ಚಕ್ರ ತಣ್ಣಗೆ ತಿರುಗುತ್ತೆ. ಅಸಾಧ್ಯ ಅಂದುಕೊಂಡಿದ್ದ ಗೆರೆಯ ಆಚೆ ಟರ್ಬೈನ್ ಆರಾಮಾಗಿ ಓಡಿತು. ಥಿಯರಿ ಬಂದಿದ್ದು ಆಮೇಲೆ: 1895ರಲ್ಲಿ ಜರ್ಮನಿಯ ಫ಼ೋಪ್ಲ್, 1919ರಲ್ಲಿ ಜೆಫ್‌ಕಾಟ್ ಇದಕ್ಕೆ ಲೆಕ್ಕ ಬರೆದರು. ಡೈನಾಮಿಕ್ಸ್ ಆಫ್ ಮೆಷಿನರಿ ಪೇಪರಿನಲ್ಲಿ ಬರೋ ವರ್ಲಿಂಗ್ ಆಫ್ ಶಾಫ್ಟ್ಸ್ ಇದೇ.

ಆ ಗೆರೆಯ ಆಚೆ ಏನಾಗುತ್ತೆ? ರೂಮಿನಲ್ಲೇ ನೋಡಬಹುದು. ಉದ್ದನೆಯ ರಬ್ಬರ್ ಬ್ಯಾಂಡಿಗೆ ಕೀಗೊಂಚಲು ಕಟ್ಟಿ ಕೈಯಲ್ಲಿ ಹಿಡಿಯಿರಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಕೀಗಳು ಕೈ ಹೋದ ಕಡೆಗೇ ಹೋಗುತ್ತವೆ. ಸ್ವಲ್ಪ ವೇಗ ಹೆಚ್ಚಿಸಿದರೆ ಒಂದು ಹಂತದಲ್ಲಿ ಹುಚ್ಚಾಪಟ್ಟೆ ಕುಣಿಯುತ್ತವೆ. ಅದಕ್ಕಿಂತಲೂ ಬೇಗ ಆಡಿಸಿದರೆ ಕೈ ಮೇಲಕ್ಕೆ ಹೋದಾಗ ಕೀ ಕೆಳಕ್ಕೆ, ಕೈ ಕೆಳಕ್ಕೆ ಬಂದಾಗ ಕೀ ಮೇಲಕ್ಕೆ! ದಿಕ್ಕೇ ಅದಲುಬದಲು. ಚಕ್ರದಲ್ಲೂ ಹೀಗೇ. ವೇಗ ಕಮ್ಮಿ ಇದ್ದಾಗ ಭಾರದ ಬದಿ ಹೊರಕ್ಕೆ ಎಳೆಯುತ್ತೆ, ಶಾಫ್ಟೂ ಅದೇ ಕಡೆಗೆ ಬಾಗುತ್ತೆ. ಕ್ರಿಟಿಕಲ್ ವೇಗ ದಾಟಿದ ಮೇಲೆ ಶಾಫ್ಟ್ ಎದುರು ಬದಿಗೆ ಬಾಗಿ, ಚಕ್ರ ತನ್ನ ತೂಕದ ಕೇಂದ್ರದ ಸುತ್ತಲೇ ತಿರುಗೋಕೆ ಶುರು ಮಾಡುತ್ತೆ.

ಈಗ ಟೈರಿನ ಮಣಿಗಳಿಗೆ ಬರೋಣ. ಚಕ್ರ ತನ್ನ ತೂಕದ ಕೇಂದ್ರದ ಸುತ್ತ ತಿರುಗ್ತಾ ಇದೆ. ಆ ಕೇಂದ್ರ ಇರೋದು ನಡುಮಧ್ಯದಿಂದ ಸ್ವಲ್ಪ ಭಾರದ ಕಡೆಗೆ. ಹಾಗಾದರೆ ಅಲ್ಲಿಂದ ಅತಿ ದೂರದಲ್ಲಿರೋ ಅಂಚು ಯಾವುದು? ಹಗುರವಾದ ಬದಿಯದು. ತಿರುಗೋ ಡಬ್ಬಿಯೊಳಗೆ ಬಿಡಿಯಾಗಿರೋ ವಸ್ತು ಅತಿ ದೂರದ ಜಾಗಕ್ಕೇ ಓಡುತ್ತೆ. ಹಾಗಾಗಿ ಮಣಿಗಳು ಹಗುರ ಬದಿಗೆ ಹೋಗಿ ಸೇರುತ್ತವೆ. ಸೇರುತ್ತಾ ಹೋದಂತೆ ತೂಕದ ಕೇಂದ್ರ ನಡುವಿಗೆ ಬರುತ್ತೆ, ಎಲ್ಲ ಅಂಚೂ ಸಮದೂರ ಆಗುತ್ತೆ, ಮಣಿಗಳಿಗೆ ಮುಂದೆ ಹೋಗೋ ಕಾರಣವೇ ಇರಲ್ಲ. ತಲೆ ಇಲ್ಲದ ಮಣಿ ದಾರಿ ಹುಡುಕೋದು ಹೀಗೆ. ಟಾಪ್ ಲೋಡ್ ವಾಷಿಂಗ್ ಮೆಷಿನ್ನಿನ ಬುಟ್ಟಿಯ ಮೇಲಂಚಿನಲ್ಲಿ ದ್ರವ ತುಂಬಿದ ಬಳೆ ಇರೋದೂ ಇದಕ್ಕೇ.

ಆದರೆ ಇಲ್ಲೇ ನಮ್ಮ ವಾದ ಮತ್ತೆ ಜೀವ ಪಡೀತು. ಇದೆಲ್ಲ ನಿಜವಾಗೋದು ಗೆರೆಯ ಆಚೆ ಮಾತ್ರ. ಈಚೆ ಇದ್ದರೆ ಅದೇ ಮಣಿಗಳು ಭಾರದ ಬದಿಗೆ ಸೇರಿ ಕೆಲಸ ಕೆಡಿಸುತ್ತವೆ. ಹಾಗಾದರೆ ಟ್ರಕ್ಕಿನ ಟೈರ್ ಯಾವ ಕಡೆ ಇದೆ? 1 ಮೀಟರ್ ವ್ಯಾಸದ ಟೈರ್ ಗಂಟೆಗೆ 72 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 6.4 ಸುತ್ತು ತಿರುಗುತ್ತೆ. ಅಂಚಿನಲ್ಲಿ 200 ಗ್ರಾಂ ವ್ಯತ್ಯಾಸ ಇದ್ದರೆ ಬಲ 160 ನ್ಯೂಟನ್. ಗಂಟೆಗೆ ಸುಮಾರು 8 ಕಿ.ಮೀ. ದಾಟೋವರೆಗೆ ಮಣಿಗಳು ಅಂಚಿಗೆ ಅಂಟಿಕೊಳ್ಳೋದೇ ಇಲ್ಲ, ಕೆಳಗೇ ಉರುಳಾಡ್ತಾ ಇರುತ್ತವೆ. ಅಂಟಿಕೊಂಡ ಮೇಲೂ, ಆಕ್ಸಲ್ ಮೇಲೆ ಕೆಳಗೆ ಕುಣಿಯೋ ಸಹಜ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 10ರ ಆಸುಪಾಸು ಇರುತ್ತೆ. 6.4 ಅಂದರೆ ಇನ್ನೂ ಈಚೆಯೇ! ಹಿಂದೆ ಮುಂದೆ ಅಲುಗಾಡೋ ಕಂಪನದ ಲೆಕ್ಕ ಬೇರೆ, ಸಸ್ಪೆನ್ಷನ್ನಿನ ಮೆದುತನ ಬೇರೆ, ಟೈರಿನ ರಬ್ಬರ್ ಬೇರೆ. ಒಬ್ಬರ ಗಾಡಿಯಲ್ಲಿ ಮಣಿ ಚೆನ್ನಾಗಿ ಕೆಲಸ ಮಾಡಿ ಇನ್ನೊಬ್ಬರಲ್ಲಿ ಮಾಡದೇ ಇರೋದು ಆಶ್ಚರ್ಯ ಅಲ್ಲ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಯಾವ ಕಡೆ ನಿಂತಿದ್ದೇವೆ ಅಂತ ಇಬ್ಬರೂ ಲೆಕ್ಕ ಹಾಕಿಲ್ಲ, ಅಷ್ಟೇ. ನಮ್ಮ ನಗುವೂ ತಪ್ಪು, ಅವರ ಕಣ್ಮುಚ್ಚಿದ ನಂಬಿಕೆಯೂ ತಪ್ಪು.

ಡಿ ಲಾವಲ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. 1886ರಲ್ಲಿ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಸಂಸತ್ತಿನಲ್ಲೂ ಕೂತರು. 1893ರ ಶಿಕಾಗೋ ವಿಶ್ವ ಪ್ರದರ್ಶನದಲ್ಲಿ ಅವರ ಟರ್ಬೈನನ್ನು ಜನ ನೋಡಿದರು. ಒಟ್ಟು 92 ಸ್ವೀಡಿಷ್ ಪೇಟೆಂಟು, 37 ಕಂಪನಿ. ಹಾಲು ಕರೆಯೋ ಯಂತ್ರದ ಹಿಂದೆಯೂ ವರ್ಷಗಟ್ಟಲೆ ಬಿದ್ದಿದ್ದರು. ಅದು ಕಂಪನಿಯಿಂದ ಮಾರುಕಟ್ಟೆಗೆ ಬಂದಿದ್ದು 1918ರಲ್ಲಿ. ನೋಡೋಕೆ ಅವರಿರಲಿಲ್ಲ. ಸಂಪಾದಿಸಿದ್ದನ್ನೆಲ್ಲ ಮುಂದಿನ ಪ್ರಯೋಗಕ್ಕೇ ಸುರೀತಿದ್ದರು. 1913ರ ಫೆಬ್ರುವರಿ 2ರಂದು ಸ್ಟಾಕ್‌ಹೋಮಿನಲ್ಲಿ ತೀರಿಕೊಂಡಾಗ ಆ ಸಂಪತ್ತು ಅವರ ಬಳಿ ಉಳಿದಿರಲಿಲ್ಲ. ಸೆಪರೇಟರ್ ಕಂಪನಿ ಬೆಳೀತಾನೇ ಇತ್ತು. ಅವರ ನಾಝಲ್ ರಾಕೆಟ್ಟಿನ ಬಾಲ ಸೇರಿ ಭೂಮಿಯನ್ನೇ ದಾಟಿತು.

ಅವರ ಜೀವನದಿಂದ ನಾವು ಎತ್ತಿಕೊಂಡಿದ್ದು ಇಷ್ಟು. ನಡುಗೋದನ್ನೆಲ್ಲ ಬಿಗಿ ಹಿಡಿಯೋದೇ ಇಂಜಿನಿಯರಿಂಗ್ ಅಲ್ಲ. ಕೆಲವನ್ನು ಸಡಿಲ ಬಿಟ್ಟರೆ ತಾವೇ ತಮ್ಮ ಜಾಗ ಕಂಡುಕೊಳ್ಳುತ್ತವೆ. ಆದರೆ ಸಡಿಲ ಬಿಡೋ ಮೊದಲು ಗೆರೆ ಎಲ್ಲಿದೆ ಅಂತ ಗೊತ್ತಿರಬೇಕು. ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ಒಂದು ರಬ್ಬರ್ ಬ್ಯಾಂಡ್ ಹುಡುಕಿ. ರೂಂಮೇಟ್ ಕೀಗೊಂಚಲು ಕೊಡ್ತಾರೆ.