ಬಾನಿಗೆ ದಾರಿ ತೋರಿದ ಆಲ್ಫೋನ್ಸ್ ಪೆನೋ

ವಿಮಾನವೆಂದೊಡನೆ ನಮಗೆ ನೆನಪಾಗುವವರು ಅಮೆರಿಕದ ರೈಟ್ ಸೋದರರು. ಆದರೆ ಯಾವ ಮಹಾಕಾರ್ಯವೂ ಒಬ್ಬಿಬ್ಬರಿಂದಲೇ ಸಿದ್ಧಿಸುವುದಿಲ್ಲ. ಅವರಿಗಿಂತ ಮೂವತ್ತೆರಡು ವರ್ಷಗಳ ಹಿಂದೆಯೇ ಗಾಳಿಗಿಂತ ಭಾರವಾದ ಯಂತ್ರವೊಂದು ತನ್ನ ಸ್ವಂತ ಶಕ್ತಿಯಿಂದ ಸ್ಥಿರವಾಗಿ ಹಾರಬಲ್ಲುದೆಂಬುದನ್ನು ಒಬ್ಬ ತರುಣನು ತೋರಿಸಿಕೊಟ್ಟಿದ್ದನು. ಅವನ ಯಂತ್ರದ ತೂಕ ಕೇವಲ 16 ಗ್ರಾಂ. ಅದರ ಚಾಲಕಶಕ್ತಿ ತಿರುಚಿದ ರಬ್ಬರಿನ ಎಳೆ. ಆ ತರುಣನೇ ಫ್ರಾನ್ಸ್ ದೇಶದ ಆಲ್ಫೋನ್ಸ್ ಪೆನೋ.

ಪೆನೋ 1850ನೆಯ ಇಸವಿಯ ಮೇ 31ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಅವನದು ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ಮನೆತನ. ಹಿರಿಯರಂತೆ ತಾನೂ ನಾವಿಕನಾಗಿ ಕಡಲುಗಳನ್ನು ದಾಟಬೇಕೆಂಬುದು ಅವನ ಆಸೆಯಾಗಿತ್ತು. ಆದರೆ ಸೊಂಟದ ಕೀಲಿಗೆ ತಗುಲಿದ ವ್ಯಾಧಿಯಿಂದ ಅವನು ಊರುಗೋಲಿನ ಆಸರೆಯಿಲ್ಲದೆ ನಡೆಯಲಾರದವನಾದನು. ನೌಕಾಪಡೆಯ ಬಾಗಿಲು ಅವನ ಪಾಲಿಗೆ ಮುಚ್ಚಿತು. ನೆಲದ ಮೇಲೆ ಸರಾಗವಾಗಿ ನಡೆಯಲಾರದ ಆ ತರುಣನು ಹತಾಶನಾಗಿ ಕೂರದೆ ತನ್ನ ದೃಷ್ಟಿಯನ್ನು ಆಕಾಶದತ್ತ ಹೊರಳಿಸಿದನು.

ಆ ಕಾಲದಲ್ಲಿ ಹಾರುವ ಯಂತ್ರಗಳನ್ನು ರಚಿಸಲು ಯತ್ನಿಸುತ್ತಿದ್ದವರಿಗೆ ಎದುರಾಗಿದ್ದ ದೊಡ್ಡ ತೊಡಕೆಂದರೆ ಶಕ್ತಿಯ ಪ್ರಶ್ನೆ. ಉಗಿಯಂತ್ರವು ಬಲು ಭಾರ. ಗಡಿಯಾರದಲ್ಲಿರುವಂತಹ ಉಕ್ಕಿನ ಸುರುಳಿಯೂ ಪುಟ್ಟ ಮಾದರಿಗೆ ಹೊರೆಯೇ. ಪೆನೋ ರಬ್ಬರಿನ ಎಳೆಗಳನ್ನು ಆರಿಸಿಕೊಂಡನು. ರಬ್ಬರನ್ನು ಬಲವಾಗಿ ತಿರುಚಿದಾಗ ನಮ್ಮ ಕೈ ಮಾಡಿದ ಕೆಲಸವು ಅದರಲ್ಲಿ ಶಕ್ತಿಯಾಗಿ ಶೇಖರವಾಗುತ್ತದೆ. ಬಿಟ್ಟೊಡನೆ ಅದು ಬಿಚ್ಚಿಕೊಳ್ಳುತ್ತ ತನಗೆ ಜೋಡಿಸಿದ ತಿರುಗುರೆಕ್ಕೆಯನ್ನು ವೇಗವಾಗಿ ತಿರುಗಿಸುತ್ತದೆ. ಈ ಸರಳ ಉಪಾಯದಿಂದ ಅವನು 1870ರಲ್ಲಿ ನೆಟ್ಟಗೆ ಮೇಲಕ್ಕೇರುವ ಒಂದು ಪುಟ್ಟ ಹೆಲಿಕಾಪ್ಟರ್ ಮಾದರಿಯನ್ನು ಮಾಡಿದನು.

ಮರುವರ್ಷ ಅವನು ವಿಮಾನದ ಮಾದರಿಯನ್ನು ರಚಿಸಿ ಅದಕ್ಕೆ ಪ್ಲಾನೋಫೋರ್ ಎಂದು ಹೆಸರಿಟ್ಟನು. ಅದರ ಉದ್ದ ಸುಮಾರು 50 ಸೆಂಟಿಮೀಟರ್, ರೆಕ್ಕೆಯ ಹರವು 45 ಸೆಂಟಿಮೀಟರ್. ಅದರ 16 ಗ್ರಾಂ ತೂಕದಲ್ಲಿ ರಬ್ಬರಿನದೇ 5 ಗ್ರಾಂ. ತಿರುಗುರೆಕ್ಕೆಯು ಹಿಂಬದಿಯಲ್ಲಿದ್ದು ವಿಮಾನವನ್ನು ಮುಂದಕ್ಕೆ ತಳ್ಳುತ್ತಿತ್ತು.

ಹಾರುವುದಕ್ಕೆ ಶಕ್ತಿಯೊಂದಿದ್ದರೆ ಸಾಲದು, ಸ್ಥಿರತೆಯೂ ಬೇಕು. ಮಾದರಿಯಲ್ಲಿ ಚಾಲಕನಿಲ್ಲ. ಕೈಯಿಂದ ಬಿಟ್ಟ ಮೇಲೆ ಅದನ್ನು ತಿದ್ದುವವರು ಯಾರೂ ಇಲ್ಲ. ಆದುದರಿಂದ ವಿಮಾನವು ತನ್ನ ಓರೆಕೋರೆಗಳನ್ನು ತಾನೇ ತಿದ್ದಿಕೊಳ್ಳಬೇಕು. ಇದಕ್ಕಾಗಿ ಪೆನೋ ಹಿಂಬದಿಯಲ್ಲಿ ಬಾಲದಂತಹ ಕಿರುರೆಕ್ಕೆಯನ್ನು ಜೋಡಿಸಿ, ಮುಖ್ಯ ರೆಕ್ಕೆಗಿಂತ ಸುಮಾರು 8 ಡಿಗ್ರಿಗಳಷ್ಟು ಕೆಳಮುಖವಾದ ಕೋನದಲ್ಲಿ ಅದನ್ನು ಇರಿಸಿದನು. ವಿಮಾನದ ಮೂತಿ ಕೆಳಗೆ ಬಾಗಿ ವೇಗ ಹೆಚ್ಚಿದರೆ, ಗಾಳಿಯು ಬಾಲವನ್ನು ಕೆಳಕ್ಕೆ ಒತ್ತಿ ಮೂತಿಯನ್ನು ಮತ್ತೆ ಮೇಲೆತ್ತುತ್ತಿತ್ತು. ಮುಖ್ಯ ರೆಕ್ಕೆಯ ತುದಿಗಳನ್ನು ಮೇಲ್ಮುಖವಾಗಿ ಬಾಗಿಸಿದ್ದುದರಿಂದ ಅದು ಒಂದು ಪಕ್ಕಕ್ಕೆ ವಾಲಿದರೂ ಮತ್ತೆ ಸಮಸ್ಥಿತಿಗೆ ಬರುತ್ತಿತ್ತು. ಇಂಗ್ಲೆಂಡಿನ ಜಾರ್ಜ್ ಕೇಲಿ ಎಂಬ ವಿದ್ವಾಂಸನು ಇಂತಹ ತತ್ತ್ವಗಳನ್ನು ಮೊದಲೇ ಕಂಡುಕೊಂಡಿದ್ದನು. ಆದರೆ ಪೆನೋ ತನ್ನ ಸ್ವಂತ ವಿಚಾರದಿಂದಲೇ ಅವುಗಳನ್ನು ತಲುಪಿ, ಸ್ವಶಕ್ತಿಯಿಂದ ಹಾರುವ ಮಾದರಿಯಲ್ಲಿ ಅಳವಡಿಸಿದನು.

1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ತ್ವಿಲರಿ ಉದ್ಯಾನದಲ್ಲಿ ಪ್ರದರ್ಶನ ಏರ್ಪಟ್ಟಿತು. ಯುದ್ಧ ಮತ್ತು ಅಂತಃಕಲಹಗಳಿಂದ ನಗರವು ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಅದೇ ಮೇ ತಿಂಗಳಲ್ಲಿ ಸುಟ್ಟುಹೋಗಿದ್ದ ಅರಮನೆಯ ಗೋಡೆಗಳು ಉದ್ಯಾನದ ಪಕ್ಕದಲ್ಲಿಯೇ ನಿಂತಿದ್ದವು. ವಾಯುಯಾನ ಸಂಘದ ಸದಸ್ಯರು ನೋಡುತ್ತಿರುವಂತೆಯೇ ಇಪ್ಪತ್ತೊಂದು ವರ್ಷದ ಪೆನೋ ರಬ್ಬರನ್ನು ತಿರುಚಿ ಮಾದರಿಯನ್ನು ಬಿಟ್ಟನು. ಅದು 11 ಸೆಕೆಂಡುಗಳ ಕಾಲ ಹಾರಿ ಸುಮಾರು 40 ಮೀಟರ್ ದೂರ ಸಾಗಿ ಇಳಿಯಿತು. ಯಂತ್ರದಿಂದ ಹಾರುವುದು ಅಸಾಧ್ಯವೆನ್ನುವವರಿಗೆ ಅದು ತಕ್ಕ ಉತ್ತರವಾಯಿತು.

ಮಾದರಿಯಿಂದ ತೃಪ್ತನಾಗದೆ ಪೆನೋ ಮನುಷ್ಯರನ್ನು ಹೊತ್ತೊಯ್ಯುವ ವಿಮಾನವನ್ನು ಕಲ್ಪಿಸಿದನು. 1876ರಲ್ಲಿ ಪಾಲ್ ಗೋಶೋ ಎಂಬ ಯಂತ್ರಕುಶಲಿಯೊಡನೆ ಅದರ ವಿನ್ಯಾಸಕ್ಕೆ ಪೇಟೆಂಟ್ ಪಡೆದನು. ಇಬ್ಬರು ಕೂರಬಲ್ಲ ಆ ವಿಮಾನವು ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲುದಾಗಿತ್ತು. ಒಳಕ್ಕೆ ಮಡಿಸಿಕೊಳ್ಳುವ ಗಾಲಿಗಳು, ಗಾಜು ಹೊದಿಸಿದ ಚಾಲಕನ ಕೋಣೆ, ಒಂದೇ ಹಿಡಿಯಿಂದ ನಡೆಸುವ ನಿಯಂತ್ರಣ, ವಿರುದ್ಧ ದಿಕ್ಕುಗಳಲ್ಲಿ ತಿರುಗುವ ಎರಡು ತಿರುಗುರೆಕ್ಕೆಗಳು ಅದರಲ್ಲಿದ್ದವು. ಇವುಗಳಲ್ಲಿ ಬಹುಪಾಲು ಮುಂದಿನ ಶತಮಾನದಲ್ಲಿ ಬಳಕೆಗೆ ಬಂದವು.

ಆದರೆ ಅಂತಹ ವಿಮಾನವನ್ನು ಎತ್ತಬಲ್ಲ ಹಗುರವಾದ ಎಂಜಿನ್ ಆಗ ಇರಲಿಲ್ಲ. ಹಣ ನೀಡುವವರೂ ದೊರೆಯಲಿಲ್ಲ. ಟೀಕೆ ಮಾಡುವವರಿಗೆ ಮಾತ್ರ ಕೊರತೆಯಿರಲಿಲ್ಲ. ಉಗಿಯಂತ್ರದ ವಾಯುನೌಕೆಯಿಂದ ಹೆಸರಾಗಿದ್ದ ಆನ್ರಿ ಜಿಫಾರ್ ಎಂಬ ಶ್ರೀಮಂತ ಎಂಜಿನಿಯರನ ನೆರವನ್ನು ಕೋರಿದರೂ ಅದು ಕೈಗೂಡಲಿಲ್ಲ. ಅನಾರೋಗ್ಯವೂ ನಿರಾಶೆಯೂ ಒಟ್ಟಾಗಿ ಪೆನೋವನ್ನು ಕುಗ್ಗಿಸಿದವು. ಅವನು ತನ್ನ ನಕ್ಷೆಗಳನ್ನು ಒಂದು ಪುಟ್ಟ ಶವಪೆಟ್ಟಿಗೆಯಲ್ಲಿರಿಸಿ ಜಿಫಾರನ ಮನೆಗೆ ಒಪ್ಪಿಸಿದನು. 1880ರ ಅಕ್ಟೋಬರಿನಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ತಾನೇ ತನ್ನ ಬಾಳನ್ನು ಕೊನೆಗಾಣಿಸಿಕೊಂಡನು.

ತನ್ನ ಶ್ರಮವೆಲ್ಲ ವ್ಯರ್ಥವಾಯಿತೆಂದು ಅವನು ಭಾವಿಸಿರಬೇಕು. ವಾಸ್ತವವು ಹಾಗಿರಲಿಲ್ಲ. ಅವನು ಇನ್ನೂ ಬದುಕಿದ್ದ 1878ರಲ್ಲಿಯೇ ಅಮೆರಿಕದ ಪಾದ್ರಿಯೊಬ್ಬನು ತನ್ನ ಮಕ್ಕಳಿಗೆ ಒಂದು ಆಟಿಕೆಯನ್ನು ತಂದುಕೊಟ್ಟಿದ್ದನು. ಬಿದಿರು, ಬೆಂಡು, ಕಾಗದಗಳಿಂದ ಮಾಡಿ ರಬ್ಬರಿನಿಂದ ಹಾರಿಸುವ ಆ ಆಟಿಕೆಯು ಪೆನೋ ರೂಪಿಸಿದ ಹೆಲಿಕಾಪ್ಟರಿನ ಮಾದರಿಯದು. ಅದನ್ನು ಪಡೆದ ಬಾಲಕರೇ ಹನ್ನೊಂದು ವರ್ಷದ ವಿಲ್ಬರ್ ಮತ್ತು ಏಳು ವರ್ಷದ ಆರ್ವಿಲ್ ರೈಟ್. ಅವರು ಅದು ಮುರಿಯುವವರೆಗೂ ಹಾರಿಸಿ, ಬಳಿಕ ತಾವೇ ಅಂತಹವನ್ನು ಮಾಡತೊಡಗಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನದ ಮೊದಲ ಹಾರಾಟವು 12 ಸೆಕೆಂಡುಗಳ ಕಾಲ ನಡೆದು ಸುಮಾರು 37 ಮೀಟರ್ ದೂರ ಸಾಗಿತು. ಪೆನೋವಿನ ಪುಟ್ಟ ಮಾದರಿಯ ಹಾರಾಟಕ್ಕೂ ಇದಕ್ಕೂ ಎಷ್ಟೊಂದು ಸಾಮ್ಯ!

ರಬ್ಬರಿನ ವಿಮಾನವು ಇಂದು ಅಂತರರಾಷ್ಟ್ರೀಯ ಸ್ಪರ್ಧೆಯ ವಸ್ತುವೂ ಆಗಿದೆ. ವೇಕ್‌ಫೀಲ್ಡ್ ಎಂಬ ಹೆಸರಿನಿಂದ ಪ್ರಸಿದ್ಧವಾದ ವರ್ಗದಲ್ಲಿ ರಬ್ಬರು 30 ಗ್ರಾಂ ಮೀರುವಂತಿಲ್ಲ. ಅದನ್ನು ಬಿಟ್ಟು ವಿಮಾನದ ತೂಕ 200 ಗ್ರಾಮಿಗಿಂತ ಕಡಿಮೆಯಿರುವಂತಿಲ್ಲ. ಸ್ಪರ್ಧಾಳುವು ಗಾಳಿಯ ಗತಿಯನ್ನು ಅರಿತು, ಬೆಚ್ಚನೆಯ ಗಾಳಿ ಮೇಲೇರುವ ವೇಳೆಯನ್ನು ಕಾದು ವಿಮಾನವನ್ನು ಬಿಡುತ್ತಾನೆ. ಅನಂತರ ಅವನ ಕೈಯಲ್ಲಿ ಏನೂ ಇಲ್ಲ. ಹೆಚ್ಚು ಹೊತ್ತು ಆಕಾಶದಲ್ಲಿ ನಿಂತುದೇ ಗೆಲ್ಲುತ್ತದೆ.

ನಮ್ಮ ಶಿವಮೊಗ್ಗಕ್ಕೂ ಇಂದು ವಿಮಾನಗಳು ಬರುತ್ತವೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವು ಆರಂಭವಾಯಿತು. ಆ ದೊಡ್ಡ ವಿಮಾನಗಳ ಬಾಲದಲ್ಲಿಯೂ ಪೆನೋ ತನ್ನ ಮಾದರಿಗೆ ಜೋಡಿಸಿದಂತಹ ಕಿರುರೆಕ್ಕೆಯಿದೆ. ಅದರ ಗುಟ್ಟನ್ನು ಅರಿಯಲು ಹೆಚ್ಚಿನ ಹಣ ಬೇಕಿಲ್ಲ. ಗಾಳಿ ಅಡಗಿರುವ ಮುಂಜಾನೆಯಲ್ಲಿ ರಾಗಿಗುಡ್ಡದ ಬಯಲಿನಲ್ಲಿ ಬಾಲಕ ಬಾಲಕಿಯರು ಬಿದಿರಿನ ಕಡ್ಡಿ, ತೆಳುವಾದ ಕಾಗದ, ರಬ್ಬರಿನ ಎಳೆಗಳಿಂದಲೇ ಪೆನೋವಿನ ಪ್ರಯೋಗವನ್ನು ಮಾಡಿ ನೋಡಬಹುದು. ಬಿದ್ದುದನ್ನು ಎತ್ತಿ, ಬಾಲದ ಕೋನವನ್ನು ಕೊಂಚ ತಿದ್ದಿ ಮತ್ತೆ ಹಾರಿಸುವ ತಾಳ್ಮೆಯಿದ್ದರೆ ಸಾಕು. ಒಳ್ಳೆಯ ವಿಚಾರವೊಂದು ಹುಟ್ಟಿದಾಗ ಅದನ್ನು ಹಳಿಯದೆ, ಹುಟ್ಟಿಸಿದವನ ಬೆನ್ನಿಗೆ ನಿಲ್ಲುವ ಔದಾರ್ಯವೂ ಸಮಾಜಕ್ಕೆ ಇರಬೇಕು. ಪೆನೋವಿನ ಕಿರಿದಾದ ಬಾಳು ನಮಗೆ ಕಲಿಸುವ ಪಾಠವಿದು.