ಹಣ್ಣು ಕದ್ದ ಹುಡುಗ ಸಂತನಾದ

ಸಂತ ಅಗಸ್ಟೀನ್ ಕ್ರಿ.ಶ. 354ರಲ್ಲಿ ಆಫ್ರಿಕಾದ ತಗಾಸ್ತೆ ಎಂಬ ಊರಲ್ಲಿ ಹುಟ್ಟಿದರು. ಈಗ ಅದು ಅಲ್ಜೀರಿಯಾ ದೇಶದಲ್ಲಿದೆ. ತಾಯಿ ಮೋನಿಕಾ. ಶಾಲೆಯಲ್ಲಿ ಏಟು ತಿಂದು ಅವರಿಗೆ ಗ್ರೀಕ್ ಭಾಷೆ ಅಂದ್ರೆ ಬೇಜಾರು. ಆದರೆ ವರ್ಜಿಲ್ ಕವಿಯ ಲ್ಯಾಟಿನ್ ಕಾವ್ಯದಲ್ಲಿ ರಾಣಿ ಡೈಡೋ ಸತ್ತಾಗ ಅತ್ತಿದ್ದರಂತೆ.

ಹದಿನಾರನೇ ವಯಸ್ಸಲ್ಲಿ ಒಂದು ರಾತ್ರಿ ಗೆಳೆಯರ ಜೊತೆ ಬೇರೆಯವರ ಮರದ ಪಿಯರ್ ಹಣ್ಣು ಕದ್ದರು. ಹಸಿವೇನೂ ಇರಲಿಲ್ಲ. ಹಣ್ಣನ್ನು ಹಂದಿಗಳಿಗೆ ಎಸೆದರು.

19ನೇ ವಯಸ್ಸಲ್ಲಿ ರೋಮಿನ ಸಿಸಿರೋ ಬರೆದ ಪುಸ್ತಕ ಓದಿದ ಮೇಲೆ ಹಣ, ಹೆಸರಿಗಿಂತ ಜ್ಞಾನ ದೊಡ್ಡದು ಅನ್ನಿಸಿತು. ಆದರೂ ಮನಸ್ಸು ತಿದ್ದಿಕೊಳ್ಳಲು ಬಹಳ ವರ್ಷ ಹಿಡಿಯಿತು. ಮಿಲಾನಿನಲ್ಲಿ ಮೇಷ್ಟ್ರಾಗಿದ್ದಾಗ ಬಿಷಪ್ ಆಂಬ್ರೋಸರ ಉಪದೇಶ ಕೇಳಿದರು, ಬೈಬಲ್ ಓದಿದರು. 387ರಲ್ಲಿ ದೀಕ್ಷಾಸ್ನಾನ ಪಡೆದರು. ಮುಂದೆ ಹಿಪ್ಪೋ ಊರಿನ ಬಿಷಪ್ಪರಾದರು. ಅಷ್ಟು ದೊಡ್ಡವರಾದ ಮೇಲೂ ಹಣ್ಣು ಕದ್ದದ್ದನ್ನು 'ಕನ್ಫೆಷನ್ಸ್' ಪುಸ್ತಕದಲ್ಲಿ ಮುಚ್ಚಿಡದೆ ಬರೆದರು. ತಾನೊಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದೂ ಒಪ್ಪಿಕೊಂಡರು. 430ರಲ್ಲಿ ತೀರಿಕೊಂಡರು.

ಹೋದ ಬೇಸಿಗೆಯಲ್ಲಿ ನಾವೂ ಗುಂಪಾಗಿ ಮಾವಿನಕಾಯಿ ಕದ್ದಿದ್ವಿ. ಅರ್ಧ ತಿಂದು ಅರ್ಧ ಬಿಸಾಕಿದ್ವಿ. ಇದನ್ನು ಓದಿದ ಮೇಲೆ ನಾನು ತೋಟದ ಅಜ್ಜನ ಹತ್ರ ಹೋಗಿ ಹೇಳಿಬಂದೆ. ಅಜ್ಜ ಚೆನ್ನಾಗಿ ಬೈದರು. ಆದರೂ ಮನಸ್ಸು ಹಗುರಾಯ್ತು. ಜೊತೆಗಿದ್ದವರ ಹೆಸರು ಹೇಳಿಲ್ಲ. ಅದನ್ನು ಅವರವರೇ ಹೋಗಿ ಹೇಳಬೇಕು.

– 7ನೇ ತರಗತಿ