ಫ್ಯಾರಡೆಗೆ ಬಾರದಿದ್ದ ಸೂತ್ರ

ಕಳೆದ ಸೆಮ್‌ನಲ್ಲಿ ನಾವು ಐದು ಜನ ಕಾಲೇಜಿನ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಏಳನೇ ಕ್ಲಾಸಿನ ಮಕ್ಕಳಿಗೆ ಸೈನ್ಸ್ ಪ್ರಯೋಗ ಮಾಡಿಸೋಕೆ ಶುರು ಮಾಡಿದ್ವಿ. ಮಾಡಿಸೋದು ಅಂತ ಹೆಸರು, ನಿಜವಾಗಿ ಮಾಡ್ತಿದ್ದದ್ದೆಲ್ಲ ನಾವೇ. ಮೂರನೇ ಶನಿವಾರ ತಾಮ್ರದ ತಂತಿ ಸುತ್ತಿದ ಪೈಪು, ಒಂದು ಆಯಸ್ಕಾಂತ, ಒಂದು ಎಲ್‌ಇಡಿ ತಗೊಂಡು ಹೋದ್ವಿ. ಆಯಸ್ಕಾಂತವನ್ನ ಪೈಪಿನೊಳಗೆ ಜೋರಾಗಿ ಅಲ್ಲಾಡಿಸಿದಾಗ ಎಲ್‌ಇಡಿ ಮಿಣಮಿಣ ಅಂತು, ಮಕ್ಕಳು ಚಪ್ಪಾಳೆ ಹೊಡೆದರು. ಎರಡನೇ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, ಆಯಸ್ಕಾಂತ ತಂತಿಗೆ ತಾಗಲೇ ಇಲ್ಲವಲ್ಲ ಅಕ್ಕ, ಮತ್ತೆ ಅದರಿಂದ ಇದಕ್ಕೆ ಏನು ಹೋಯ್ತು ಅಂತ ಕೇಳಿದಳು. ನಾವು ಬೋರ್ಡ್ ಮೇಲೆ ಫ್ಯಾರಡೆ ನಿಯಮದ ಸೂತ್ರ ಬರೆದ್ವಿ, ಮೈನಸ್ ಚಿಹ್ನೆ ಸಮೇತ. ಅವಳು ಅದನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡು ಕೂತಳು. ಆ ದಿನ ಮತ್ತೆ ಏನೂ ಕೇಳಲಿಲ್ಲ.

ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಫ್ಯಾರಡೆ ಬಗ್ಗೆ ಓದ್ತಾ ಹೋದಾಗ ಗೊತ್ತಾಯ್ತು, ನಾವು ಬರೆದ ಸೂತ್ರವನ್ನ ತೋರಿಸಿದ್ರೆ ಸ್ವತಃ ಫ್ಯಾರಡೆಯೂ ತಲೆ ಕೆರೆದುಕೊಳ್ತಿದ್ದ. ಅವನಿಗೆ ಕ್ಯಾಲ್ಕುಲಸ್ ಬರ್ತಿರಲಿಲ್ಲ. ಎಂ-1ರಲ್ಲಿ ಬ್ಯಾಕ್ ಉಳಿಸಿಕೊಂಡ ನಮ್ಮ ಗೆಳೆಯರಿಗೆ ಇದನ್ನ ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ.

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಆಗ ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ಅಪ್ಪ ಕಮ್ಮಾರ. ಆರೋಗ್ಯ ಸರಿ ಇರದೆ ಎಷ್ಟೋ ದಿನ ಕೆಲಸಕ್ಕೇ ಹೋಗೋಕಾಗ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನ ಪಾಲಿಗೆ ಬರ್ತಿದ್ದದ್ದು ವಾರಕ್ಕೆ ಒಂದು ಬ್ರೆಡ್. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ. 13ನೇ ವಯಸ್ಸಿಗೆ ಜಾರ್ಜ್ ರೀಬೌ ಅನ್ನೋ ಪುಸ್ತಕದಂಗಡಿಯವನ ಹತ್ತಿರ ಪೇಪರ್ ಹಂಚೋ ಕೆಲಸಕ್ಕೆ ಸೇರಿದ. ಮರುವರ್ಷ ಅಲ್ಲೇ ಬುಕ್ ಬೈಂಡಿಂಗ್ ಕಲಿಯೋಕೆ ಕೂತ, ಏಳು ವರ್ಷದ ಕರಾರು.

ರೀಬೌ ಒಳ್ಳೆಯವನು. ಬೈಂಡಿಂಗ್‌ಗೆ ಬಂದ ಪುಸ್ತಕ ಓದಿದ್ರೆ ಬೈತಿರಲಿಲ್ಲ. ಹಾಗೆ ಸಿಕ್ಕಿದ್ದರಲ್ಲಿ ಒಂದು ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ತಿನ ಲೇಖನ. ಇನ್ನೊಂದು ಜೇನ್ ಮಾರ್ಸೆಟ್ ಅನ್ನೋ ಮಹಿಳೆ ರಸಾಯನಶಾಸ್ತ್ರದ ಬಗ್ಗೆ ಬರೆದ ಪುಸ್ತಕ. ಇಡೀ ಪುಸ್ತಕ ಮಾತುಕತೆಯ ರೂಪದಲ್ಲಿದೆ: ಒಬ್ಬ ಟೀಚರ್, ಎಮಿಲಿ, ಕ್ಯಾರೊಲಿನ್ ಅಂತ ಇಬ್ಬರು ಹುಡುಗಿಯರು. ಹುಡುಗಿಯರು ಕೇಳ್ತಾನೇ ಇರ್ತಾರೆ, ಟೀಚರ್ ಪ್ರಯೋಗ ಮಾಡ್ತಾ ಉತ್ತರ ಕೊಡ್ತಾಳೆ. ಫ್ಯಾರಡೆ ಓದಿ ಸುಮ್ಮನಾಗಲಿಲ್ಲ, ಕೈಯಲ್ಲಿದ್ದ ಚಿಲ್ಲರೆಗೆ ಆಗುವಷ್ಟನ್ನ ತಾನೇ ಮಾಡಿ ಪರೀಕ್ಷೆ ಮಾಡಿದ. ಏಳು ಅರ್ಧಪೆನ್ನಿ ನಾಣ್ಯ, ಏಳು ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ಕಾಗದ. ಅದೇ ಅವನ ಮೊದಲ ಬ್ಯಾಟರಿ. ಮುಂದೆ ದೊಡ್ಡ ಹೆಸರು ಬಂದಮೇಲೂ ತಾನು ಬರೆದ ಪ್ರಬಂಧಗಳನ್ನ ಮಾರ್ಸೆಟ್‌ಗೆ ಕೃತಜ್ಞತೆಯಿಂದ ಕಳಿಸ್ತಿದ್ದ.

1812ರಲ್ಲಿ ಅಂಗಡಿಗೆ ಬರ್ತಿದ್ದ ಗಿರಾಕಿಯೊಬ್ಬ, ವಿಲಿಯಂ ಡಾನ್ಸ್, ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಟಿಕೆಟ್ ಕೊಟ್ಟ. ಅಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ ಫ್ಯಾರಡೆ, ಅವುಗಳ ನೋಟ್ಸನ್ನ ಚೆಂದಾಗಿ ಬರೆದು, ಚಿತ್ರ ಹಾಕಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಸುಮಾರು 300 ಪುಟ. ಡೇವಿಗೆ ಖುಷಿಯಾಯ್ತು, ಆದರೆ ಕೊಡೋಕೆ ಕೆಲಸ ಇರಲಿಲ್ಲ. ಕೆಲವೇ ವಾರದಲ್ಲಿ ಅಲ್ಲಿನ ಲ್ಯಾಬ್ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆ ಬಂದ. ವಾರಕ್ಕೆ 25 ಶಿಲಿಂಗ್, ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಜೊತೆಗೆ ಕಲ್ಲಿದ್ದಲು, ಮೇಣದಬತ್ತಿ. ಅದೇ ವರ್ಷ ಡೇವಿ ದಂಪತಿ ಜೊತೆ ಯೂರೋಪ್ ಸುತ್ತೋಕೆ ಹೋದ. ವೋಲ್ಟಾ, ಆಂಪಿಯರ್ ಅವರನ್ನೆಲ್ಲ ಕಂಡ, ಆದರೆ ಡೇವಿಯ ಹೆಂಡತಿ ಅವನನ್ನ ಆಳಿನ ಹಾಗೇ ನಡೆಸಿಕೊಂಡಳು. 1824ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆ ಆಗುವಾಗ ವಿರೋಧಿಸಿದ್ದು ಕೂಡ ಇದೇ ಡೇವಿ. ಬೆಳೆಸಿದವನೇ.

ನಮ್ಮ ಎಲ್‌ಇಡಿ ಆಟಕ್ಕೆ ಮೂಲವಾದ ಪ್ರಯೋಗ 1831ರದು. ಆಗಸ್ಟ್ 29ರಂದು ಕಬ್ಬಿಣದ ಉಂಗುರದ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಕೊಟ್ಟ. ಇನ್ನೊಂದರ ಪಕ್ಕದ ಸೂಜಿ ಜೋಡಿಸುವಾಗ ಒಮ್ಮೆ, ಬಿಡಿಸುವಾಗ ಒಮ್ಮೆ ಅಲುಗಾಡಿತು, ಮಧ್ಯದಲ್ಲಿ ಸುಮ್ಮನಿತ್ತು. ಟ್ರಾನ್ಸ್‌ಫಾರ್ಮರ್ ಅಂತ ನಾವು ಉರು ಹೊಡೆಯೋದು ಇದನ್ನೇ. ಅಕ್ಟೋಬರ್ 17ರಂದು ಟೊಳ್ಳು ಕೊಳವೆಗೆ ತಂತಿ ಸುತ್ತಿ ಅದರೊಳಗೆ ಆಯಸ್ಕಾಂತ ತೂರಿಸಿದ. ಸೂಜಿ ಅಲ್ಲಾಡಿತು. ಆಮೇಲೆ ಅವನನ್ನ ವರ್ಷಗಟ್ಟಲೆ ಕಾಡಿದ್ದು ಆ ಎರಡನೇ ಬೆಂಚಿನ ಹುಡುಗಿ ಕೇಳಿದ್ದೇ: ತಾಗದೇ ಇರುವಾಗ ಇಲ್ಲಿಂದ ಅಲ್ಲಿಗೆ ಹೋಗೋದು ಏನು? ಗಣಿತ ಇರಲಿಲ್ಲ, ಕಬ್ಬಿಣದ ಪುಡಿ ಇತ್ತು. ಆಯಸ್ಕಾಂತದ ಮೇಲೆ ಕಾಗದ ಇಟ್ಟು ಪುಡಿ ಉದುರಿಸಿ, ಅದು ಕೂತ ಗೆರೆಗಳನ್ನ ನೋಡ್ತಾ ಬಲರೇಖೆಗಳ ಕಲ್ಪನೆ ಕಟ್ಟಿದ. ಅದಕ್ಕೆ ಗಣಿತ ಕೊಟ್ಟದ್ದು ಮ್ಯಾಕ್ಸ್‌ವೆಲ್. ಫ್ಯಾರಡೆ 1857ರಲ್ಲಿ ಅವನಿಗೇ ಪತ್ರ ಬರೆದು, ಗಣಿತದವರು ತಾವು ಕಂಡುಕೊಂಡದ್ದನ್ನ ಸಾಮಾನ್ಯ ಭಾಷೆಯಲ್ಲೂ ಹೇಳೋಕಾಗಲ್ವಾ ಅಂತ ಕೇಳಿದ. ಆಗ ಅವನಿಗೆ 66 ವರ್ಷ. ನಮಗೆ ಬೋರ್ಡ್ ಮೇಲಿನ ಮೈನಸ್ ಚಿಹ್ನೆ ನೆನಪಾಯ್ತು.

ಮಕ್ಕಳಿಗಾಗಿ ಅವನು ಮಾಡಿದ ಕೆಲಸವನ್ನೂ ಹೇಳಬೇಕು. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸ ಶುರುವಾಯ್ತು. 1827ರಿಂದ 1860ರವರೆಗೆ ಅದರಲ್ಲಿ 19 ಸಲ ಫ್ಯಾರಡೆಯೇ ಪಾಠ ಮಾಡಿದ. ಇದು ಹುಟ್ಟಿನಿಂದ ಬಂದ ಕಲೆ ಅಂತ ನಾವು ಅಂದುಕೊಂಡಿದ್ವಿ, ಹಾಗಿಲ್ಲ. ಮಾತಾಡೋದನ್ನ ದುಡ್ಡು ಕೊಟ್ಟು ಮೇಷ್ಟರ ಹತ್ತಿರ ಕಲಿತ. ಪಾಠದ ಭರದಲ್ಲಿ ವೇಗ ಹೆಚ್ಚಾಗದಿರಲಿ ಅಂತ, ನಿಧಾನ ಅಂತ ಬರೆದ ಚೀಟಿ ತನ್ನ ಎದುರು ಇಡಿಸಿಕೊಳ್ತಿದ್ದ.

ಎಲ್ಲಕ್ಕಿಂತ ಹೆಸರಾದದ್ದು ಒಂದು ಮೇಣದಬತ್ತಿ ಇಟ್ಟುಕೊಂಡು ಮಾಡಿದ ಆರು ಪಾಠ. ಅದು 1861ರಲ್ಲಿ ಪುಸ್ತಕವಾಯ್ತು. ಕರಗಿದ ಮೇಣ ಬತ್ತಿಯಲ್ಲಿ ಮೇಲಕ್ಕೆ ಏರೋದು ಹೇಗೆ, ಉರಿಯೋದು ಮೇಣವೋ ಅದರ ಆವಿಯೋ, ಉರಿದಮೇಲೆ ಅದು ಹೋಗೋದೆಲ್ಲಿಗೆ ಅಂತ ಶುರುವಾಗಿ ಕೊನೆಗೆ ನಾವು ಉಸಿರಾಡೋದರವರೆಗೆ ಬರ್ತಾನೆ. ಮೇಣದಬತ್ತಿ ಆರಿಸಿದ ತಕ್ಷಣ ಏಳೋ ಬಿಳಿ ಹೊಗೆಗೆ ಉರಿಯೋ ಕಡ್ಡಿಯನ್ನ ಎರಡು ಇಂಚು ದೂರದಿಂದ ಹಿಡಿದ್ರೆ, ಬೆಂಕಿ ಹೊಗೆಯಲ್ಲೇ ಇಳಿದು ಬತ್ತಿಗೆ ಹತ್ತಿಕೊಳ್ಳುತ್ತೆ. ನಾವು ಹಾಸ್ಟೆಲ್ ರೂಮಲ್ಲಿ ಮಾಡಿ ನೋಡಿದ್ವಿ, ನಾಲ್ಕನೇ ಸಲ ಬಂತು. (ವಾರ್ಡನ್ ಸರ್ ಈ ಪ್ಯಾರಾ ಬಿಟ್ಟು ಓದಬೇಕಾಗಿ ವಿನಂತಿ.) ಇಂಥದ್ದನ್ನ ಮನೆಗೆ ಹೋಗಿ ತಾವೇ ಮಾಡಿ ಅಂತ ಫ್ಯಾರಡೆ ಮಕ್ಕಳಿಗೆ ಹೇಳ್ತಿದ್ದ.

ಹಾಗಂತ ಎಲ್ಲವನ್ನೂ ಹೊಗಳೋಕೆ ನಮಗೆ ಮನಸ್ಸಿಲ್ಲ. ಆ ಪಾಠಗಳಿಗೆ ಟಿಕೆಟ್ ಇತ್ತು. 1855ರಲ್ಲಿ ಮುಂದಿನ ಸಾಲಲ್ಲಿ ರಾಣಿಯ ಮಕ್ಕಳು ಕೂತಿದ್ದರು. ಕಮ್ಮಾರನ ಮಗ ಒಳಗೆ ಬರಬೇಕಾದ್ರೆ ಅವನಿಗೂ ಯಾರೋ ಒಬ್ಬ ಡಾನ್ಸ್ ಬೇಕಿತ್ತು. ಇನ್ನೊಂದು, ಸಾವಿರಾರು ಜನಕ್ಕೆ ಪಾಠ ಹೇಳಿದ ಫ್ಯಾರಡೆ ಲ್ಯಾಬ್‌ನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಶಿಷ್ಯ ಅಂತ ಯಾರನ್ನೂ ಬೆಳೆಸಲಿಲ್ಲ. ಡೇವಿ ತನಗೆ ಕೊಟ್ಟದ್ದನ್ನ ಅವನು ಇನ್ನೊಬ್ಬರಿಗೆ ಕೊಡಲಿಲ್ಲ ಅಂತ ನಮಗೆ ಅನ್ನಿಸುತ್ತೆ. ಆದರೆ 1862ರಲ್ಲಿ ಸರ್ಕಾರದ ಶಿಕ್ಷಣ ಆಯೋಗದ ಮುಂದೆ ಹೋಗಿ ಶಾಲೆಗಳಲ್ಲಿ ವಿಜ್ಞಾನ ಕಲಿಸಬೇಕು ಅಂತ ವಾದ ಮಾಡಿದ. ಅಷ್ಟೊತ್ತಿಗೆ ನೆನಪಿನ ಶಕ್ತಿ ಕೈ ಕೊಡ್ತಿತ್ತು, ಮಕ್ಕಳ ಪಾಠವನ್ನೂ ನಿಲ್ಲಿಸಿದ್ದ. ಸರ್ ಪದವಿ ಬೇಡ ಅಂದ, ರಾಯಲ್ ಸೊಸೈಟಿಯ ಅಧ್ಯಕ್ಷತೆಯೂ ಬೇಡ ಅಂದ. 1867ರ ಆಗಸ್ಟ್ 25ರಂದು ತೀರಿಕೊಂಡ, ಹೈಗೇಟ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ನಾಲ್ಕನೇ ಶನಿವಾರ ನಾವು ಬೋರ್ಡ್ ಮುಟ್ಟಲಿಲ್ಲ. ವರ್ಕ್‌ಶಾಪಿನ ಫಿಟ್ಟಿಂಗ್ ಸೆಕ್ಷನ್‌ನಲ್ಲಿ ಜೂನಿಯರ್ಸ್ ಉಜ್ಜಿ ಬಿಟ್ಟಿದ್ದ ಕಬ್ಬಿಣದ ಪುಡಿಯನ್ನ ಗುಡಿಸಿ ಡಬ್ಬಿಗೆ ತುಂಬಿಕೊಂಡು ಹೋಗಿ, ಬೆಂಚಿಗೊಂದು ಆಯಸ್ಕಾಂತ, ಒಂದು ಹಾಳೆ ಕೊಟ್ವಿ. ಎರಡು ಬೆಂಚಿನವರು ಆಯಸ್ಕಾಂತ ಅದಲು ಬದಲು ಆಯ್ತು ಅಂತ ಜಗಳ ಆಡಿದರು. ಒಬ್ಬ ಪುಡಿಯನ್ನ ನೇರವಾಗಿ ಆಯಸ್ಕಾಂತದ ಮೇಲೇ ಸುರಿದ, ಅದನ್ನ ಬಿಡಿಸೋಕೆ ಅರ್ಧ ಪೀರಿಯಡ್ ಹೋಯ್ತು. ಆ ಹುಡುಗಿ ಹಾಳೆಯನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಗೆರೆ ಬರಿಸಿದಳು, ಪುಡಿ ಕೊಡವಿ ಮತ್ತೆ ಬರಿಸಿದಳು. ಹೊರಡುವಾಗ ಬಂದು, ಪುಡಿ ಹಾಕದೇ ಇದ್ದಾಗಲೂ ಆ ಗೆರೆ ಅಲ್ಲೇ ಇರುತ್ತಾ ಅಂತ ಕೇಳಿದಳು. ಮುಂದಿನ ಶನಿವಾರ ಸೇರಿ ನೋಡೋಣ ಅಂತ ಹೇಳಿ ಬಂದಿದ್ದೀವಿ.